ಅಟ್ಟ ಸದ್ದು ಮಾಡಿದ ಮಧ್ಯಾಹ್ನ

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಬಾಯಿ ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ಹಲ್ಲಿ ಲೊಚಗುಟ್ಟಿದರೂ ನೆಲ ಕುಟ್ಟಿ 'ಕೃಷ್ಣ ಕೃಷ್ಣ' ಅನ್ನುವ ನಮ್ಮತ್ತೆಯನ್ನು ಆಡಿಕೊಂಡು ನಕ್ಕಿದ್ದಕ್ಕೆ ಲೆಕ್ಕವಿಲ್ಲ. ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆ ಅಂತ ಹೇಳುತ್ತಿಲ್ಲ. ಕಿವಿಯಾರೆ ಕೇಳಿದ್ದನ್ನು ಹೇಳುತ್ತೇನೆ, ಅಷ್ಟೇ. ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನಾನು ಚಿತ್ರ ಬರೆಯುವವಳು. ತುಮಕೂರು ಸೀಮೆಯ ದಬ್ಬೇಘಟ್ಟದ ಹತ್ತಿರ ನಮ್ಮ ತೋಟ, ತೋಟದಲ್ಲೇ ಮನೆ. ಮದುವೆಯಾಗಿ ಬಂದಮೇಲೆ ಬರೆದದ್ದೆಲ್ಲ ತೆಂಗಿನಮರ. ಕೆರೆ ಏರಿ ಮೇಲಿನ ತೆಂಗಿನಮರ, ಸಂಜೆಗೆಂಪಿನ ತೆಂಗಿನಮರ, ಬೆಳದಿಂಗಳ ತೆಂಗಿನಮರ. ಹೈವೇ ಪಕ್ಕದ ಹೋಟೆಲಿನವರು, ಛತ್ರದವರು, ಹೊಸ ಮನೆ ಕಟ್ಟಿಸಿದವರು ಬಂದು ತಮ್ಮ ಸೋಫಾದ ಬಣ್ಣ ಹೇಳಿ ಹೋಗುತ್ತಿದ್ದರು. ಅದಕ್ಕೆ ಒಪ್ಪುವ ಹಾಗೆ ನಾನು ಆಕಾಶಕ್ಕೆ ಬಣ್ಣ ಹಾಕಿ ಕೊಡುತ್ತಿದ್ದೆ. ಒಂದು ಸಲ ತಿಪಟೂರಿನ ಹೋಟೆಲೊಂದರಲ್ಲಿ ಕೈ ತೊಳೆಯಲು ಹೋದರೆ ಬೇಸಿನ್ನಿನ ಮೇಲೆ ನನ್ನದೇ ಚಿತ್ರ! ಸೋಪಿನ ನೀರು ಸಿಡಿದು ಸಿಡಿದು ಮರದ ಬುಡವೆಲ್ಲ ಬೆಳ್ಳಗಾಗಿತ್ತು. ಮೈಯೆಲ್ಲ ಉರಿದುಹೋಯಿತು. ಇನ್ನು ಸತ್ತರೂ ತೆಂಗಿನಮರ ಬರೆಯಲ್ಲ ಅಂತ ಒದ್ದೆ ಕೈಯಲ್ಲೇ ಆಣೆ ಮಾಡಿಕೊಂಡು ಬಂದೆ.

ಆಣೆ ಮಾಡುವುದೇನು, ಬಾಯಿಗೆ ಬಂದ ಮಾತು. ಮರ ಬಿಟ್ಟರೆ ಬರೆಯುವುದು ಏನನ್ನು? ಬೋರನಕಣಿವೆ ಡ್ಯಾಮಿಗೆ ಹೋಗಿ ನೀರು ನೋಡಿಕೊಂಡು ಬಂದು ಬರೆದೆ. ಸಿಮೆಂಟು ನೆಲದ ಹಾಗೆ ಬಂತು. ಹುಳಿಯಾರು ಕಡೆಯ ಹಟ್ಟಿಗಳ ಕುರಿ ಬರೆದೆ, ಒಂದೊಂದೂ ದಿಂಬಿನ ಹಾಗಿತ್ತು. ಕೊನೆಗೆ ನಮ್ಮತ್ತೆಯನ್ನೇ ಕೂರಿಸಿಕೊಂಡು ಅವರ ಮುಖ ಬರೆದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಯಾರೇ ಈ ಮುದ್ಕಿ?" ಅಂದರು.

ಅದೇ ಹೊತ್ತಿಗೆ ತುಮಕೂರಿನಿಂದ ಒಬ್ಬ ಮೇಡಂ ಫೋನು ಮಾಡಿದರು. ಹೆಂಗಸರದೇ ಒಂದು ಚಿತ್ರಪ್ರದರ್ಶನ, ಒಬ್ಬೊಬ್ಬರದು ಒಂದೊಂದೇ ಚಿತ್ರ, ನೀವೂ ಕೊಡಿ ಅಂದರು. ನನ್ನನ್ನು ಯಾರಾದರೂ ಕಲಾವಿದೆ ಅಂತ ಕರೆದದ್ದು ಅದೇ ಮೊದಲು. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಫೋನಿಡುವ ಮುಂಚೆ ಆಕೆ, "ನಿಮ್ದು ತೆಂಗಿನಮರಾನೇ ಇರ್ಲಿ ಕಣ್ರೀ, ಅದಕ್ಕೇ ನೀವು ಫೇಮಸ್ಸು" ಅಂದುಬಿಟ್ಟರು. ನಮ್ಮ ಯಜಮಾನರದೂ ಅದೇ ರಾಗ. "ಮರಾನೇ ಬರ್ದು ಕೊಡು, ಯಾಕೆ ಸುಮ್ನೆ ತಲೆ ಕೆಡಿಸ್ಕತೀಯ?" ತಲೆ ನನ್ನದು, ಕೆಡಿಸಿಕೊಳ್ಳುತ್ತೇನೆ ಅಂದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಈ ಒಂದು ಚಿತ್ರವಾದರೂ ಯಾರ ಮಾತಿನ ಮೇಲೂ ಬಂದದ್ದಾಗಿರಬಾರದು, ನನ್ನದೇ ಆಗಿರಬೇಕು.

ನಾನು ಬರೆಯುವ ಕೋಣೆಯ ಮೇಲೆ ಕೊಬ್ಬರಿ ಅಟ್ಟ. ನಮ್ಮ ಕಡೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಮ್ಮಿ ಒಂದು ವರ್ಷ ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಕರಟ ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಗ ಅಟ್ಟದಲ್ಲಿದ್ದದ್ದು ಮೊನ್ನೆ ಮೊನ್ನೆ ಏರಿಸಿದ ಹಸಿ ಕಾಯಿ.

ಚಿತ್ರ ಕಳಿಸುವ ದಿನ ಹತ್ತಿರ ಬಂತು, ಕ್ಯಾನ್ವಾಸು ಬೆಳ್ಳಗೇ ಇತ್ತು. ಒಂದು ದಿನ ಮಟಮಟ ಮಧ್ಯಾಹ್ನ, ಸೋತು ಸುಣ್ಣವಾಗಿ, ಹಾಳಾಗಿ ಹೋಗಲಿ, ಮರವನ್ನೇ ಕೊಟ್ಟರಾಯಿತು ಅಂದುಕೊಂಡು ಇದ್ದಿಲ ಕಡ್ಡಿಯಿಂದ ಕಾಂಡದ ಗೆರೆ ಎಳೆದೆ. ತಲೆಯ ಮೇಲೆ ಅಟ್ಟ ಗಡಗಡ ಅಂದಿತು.

ಒಂದೆರಡು ಕಾಯಿ ಉರುಳಿದ ಸದ್ದಲ್ಲ. ಅಟ್ಟದ ಕಾಯಿಯಷ್ಟನ್ನೂ ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ, ಒಣ ಕೊಬ್ಬರಿಯ ಸದ್ದು. ಇಲಿ ಇರಬೇಕು ಅಂತ ಕೋಲು ಹಿಡಿದು ಏಣಿ ಹತ್ತಿದೆ. ಇಲಿಯಿಲ್ಲ, ಬೆಕ್ಕಿಲ್ಲ, ಒಂದು ಕಾಯಿಯೂ ಕದಲಿಲ್ಲ. ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ನೀರು ಕುಲುಕಿತು, ಅಷ್ಟೇ. ಇಳಿದು ಬಂದು ಇನ್ನೊಂದು ಗೆರೆ ಎಳೆದೆ, ಮತ್ತೆ ಗಡಗಡ! ಕೈ ತೆಗೆದೆ, ನಿಂತಿತು. ಬೇಕಂತಲೇ ಮೂಲೆಯಲ್ಲಿ ಒಂದು ಕುರಿ ಗೀಚಿದೆ, ಸದ್ದಿಲ್ಲ. ಅದನ್ನು ಒರೆಸಿ ಮರದ ಗೆರೆಗೆ ಕೈ ಹಾಕಿದೆ, ಶುರುವಾಯಿತು. ಹೆದರಿದೆ, ಅದರಲ್ಲಿ ಮುಚ್ಚುಮರೆ ಏನು?

ನಮ್ಮತ್ತೆಯನ್ನು ಕೂಗಿದೆ. ಮನೆಯಲ್ಲಿದ್ದದ್ದು ಅವರೊಬ್ಬರೇ. ವಿಷಯ ಹೇಳಿದ್ದಕ್ಕೆ, "ಎಲ್ಲಿ, ಬರಿ ನೋಡನ" ಅಂತ ಬಾಗಿಲಲ್ಲೇ ಕೂತರು. ಎಳೆದೆ. ಅಟ್ಟ ಸದ್ದು ಮಾಡಿತು. ಅವರ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತುಹೋಯಿತು. ಮೆಲ್ಲಗೆ, "ಮರ ಬ್ಯಾಡ ಅಂತೈತೆ ಕಣೇ. ಬುಟ್ಬುಡು. ಬ್ಯಾರೆ ಏನಾರ ಬರಿ" ಅಂದರು.

ಆ ಮಾತು ಕೇಳಿದ್ದೇ ನನ್ನ ಹೆದರಿಕೆ ಎಲ್ಲಿ ಹೋಯಿತೋ, ನೆತ್ತಿಗೇರಿದ್ದು ಸಿಟ್ಟು. ಮರ ಬರೆಯಲ್ಲ ಅಂತ ತೀರ್ಮಾನ ಮಾಡಿದವಳು ನಾನು! ಈಗ ಬಿಟ್ಟರೆ ಅಟ್ಟಕ್ಕೆ ಹೆದರಿ ಬಿಟ್ಟ ಹಾಗಾಯಿತಲ್ಲ? ಹೋಟೆಲಿನವರು ಹೇಳಿದ್ದಾಯಿತು, ಮೇಡಂ ಹೇಳಿದ್ದಾಯಿತು, ಗಂಡ ಹೇಳಿದ್ದಾಯಿತು, ಇನ್ನು ಹಸಿ ಕಾಯಿಯ ಹತ್ತಿರವೂ ಹೇಳಿಸಿಕೊಳ್ಳಬೇಕಾ? "ಬ್ಯಾಡ ಅಂದ್ರೆ ಬರ್ದೇ ಬರೀತೀನಿ, ಅದೇನ್ ಮಾಡ್ಕತದೋ ಮಾಡ್ಕಳ್ಳಿ" ಅಂತ ಅಟ್ಟಕ್ಕೆ ಕೇಳುವ ಹಾಗೆ ಕಿರುಚಿ ಕುಂಚ ಹಿಡಿದೆ. ಅತ್ತೆ ಕೃಷ್ಣ ಕೃಷ್ಣ ಅನ್ನುತ್ತಾ ಹಿತ್ತಿಲ ಕಡೆ ಹೋದರು.

ಮೇಲೆ ಅದು ಗಡಗಡ ಅನ್ನುತ್ತಲೇ ಇತ್ತು, ಕೆಳಗೆ ನಾನು ಬರೆಯುತ್ತಲೇ ಇದ್ದೆ. ಆಕಾಶ ಬರೆಯಲಿಲ್ಲ, ಗರಿ ಬರೆಯಲಿಲ್ಲ. ಕ್ಯಾನ್ವಾಸಿನ ಈ ಅಂಚಿನಿಂದ ಆ ಅಂಚಿಗೆ ಬರೀ ಬೊಡ್ಡೆ. ನಮ್ಮ ತೋಟದಲ್ಲಿ ರೋಗ ತಗುಲಿ ಸೀಳುಬಿಟ್ಟು ಕೆಂಪು ರಸ ಸೋರುವ ಒಂದು ಮರವಿದೆ, ಅದರದು. ಯಾವ ಸೋಫಾಕ್ಕೂ ಒಪ್ಪದ ಚಿತ್ರ. ಅಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೆ, ಒಂದು ದಿನವೂ ಬರೆಯಬೇಕು ಅನ್ನಿಸಿರಲಿಲ್ಲ. ಹೊತ್ತು ಇಳಿಯುವ ವೇಳೆಗೆ ಮುಗಿಸಿ ಕುಂಚ ಕೆಳಗಿಟ್ಟೆ. ಸದ್ದು ನಿಂತಿತು, ಮತ್ತೆ ಬರಲೇ ಇಲ್ಲ.

ತುಮಕೂರಿನಲ್ಲಿ ಮೇಡಂ ಅದನ್ನು ನೋಡಿ ಮುಖ ಹುಳ್ಳಗೆ ಮಾಡಿಕೊಂಡು ಮೂಲೆಯಲ್ಲಿ ತೂಗುಹಾಕಿದರು. ಹಾಕಲಿ. ಜನ ಆ ಮೂಲೆಯಲ್ಲಿ ನಿಲ್ಲುತ್ತಿದ್ದರು. ಒಬ್ಬಾಕೆ ಆ ಸೀಳಿನ ಮುಂದೆ ನಿಂತು ಸುಮ್ಮನೆ ಕಣ್ಣೊರೆಸಿಕೊಂಡಳು. ನಾನು ಬರೆದ ಯಾವ ಸಂಜೆಗೆಂಪಿಗೂ ಯಾರೂ ಅತ್ತಿರಲಿಲ್ಲ.

ಓದಿಕೊಂಡ ನೆಂಟರೊಬ್ಬರು ಇದನ್ನು ಕೇಳಿ, ಕ್ಯಾನ್ವಾಸು ನಿಲ್ಲಿಸುವ ಈಸೆಲ್ಲಿನ ಕಾಲು ಗೋಡೆಗೆ ತಾಗಿ ಅದುರಿರಬೇಕು ಅಂದರು. ತಾಗಿಸಿ, ಗುದ್ದಿ, ಒದ್ದು ನೋಡಿದೆ. ಏನೂ ಇಲ್ಲ. ಹಾಗಿದ್ದರೂ ಹಸಿ ಕಾಯಿಗೆ ಒಣ ಕೊಬ್ಬರಿಯ ಸದ್ದು ಎಲ್ಲಿಂದ ಬರಬೇಕು ಅಂದಿದ್ದಕ್ಕೆ ಅವರು ಇನ್ನೊಂದು ಲೋಟ ಕಾಫಿ ಕೇಳಿದರು.

ಇಷ್ಟಾಗಿದ್ದರೆ ಅಟ್ಟವನ್ನು ಗೆದ್ದೆ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಕೆಲವು ಕಾಲ ತಿರುಗಿದೆ ಕೂಡ. ಮುಂದಿನ ವರ್ಷ ಅಟ್ಟದಿಂದ ಕೊಬ್ಬರಿ ಇಳಿಸುವಾಗ ಮತ್ತೆ ಜಂಬ ಕೊಚ್ಚಿದೆ. ನಮ್ಮತ್ತೆ ಒಂದು ಕಾಯಿ ಅಲ್ಲಾಡಿಸುತ್ತಾ, "ಅದು ಬ್ಯಾಡ ಅಂತು ಅಂತ ಯಾರೇ ಹೇಳಿದ್ದು?" ಅಂದರು.

"ನೀವೇ ಅಲ್ವಾ ಅತ್ತೆ?"

"ಅವತ್ತು ಹೆದ್ರಿಕೆಗೆ ಏನೋ ಅಂದೆ ಬುಡು. ಕಾಯಿ ಸದ್ದು ಮಾಡಿದ್ರೆ ನಾವ್ ಏನಂತೀವಿ? ಆಗೈತೆ, ಇಳಿಸ್ಕಳ್ಳಿ ಅಂತೀವಿ. ಬ್ಯಾಡ ಅಂತೀವಾ?"

ಮರ ಬರೆಯುವ ಕಾಲ ಆಗಿದೆ, ಬರಿ ಅಂದಿತ್ತಾ ಅದು? ಹಾಗಾದರೆ ಅವತ್ತು ಅದರ ಮಾತು ಮೀರಿ ಬರೆದೆನಾ, ಇಲ್ಲ ಅದು ಹೇಳಿದ ಹಾಗೆಯೇ ಕೇಳಿ ಬರೆದೆನಾ? ಅದು ನನ್ನ ಚಿತ್ರವಾ, ಅಟ್ಟದ್ದಾ? ವರ್ಷಗಳೇ ಆದವು, ಇನ್ನೂ ತಿಳಿದಿಲ್ಲ. ಯಾರನ್ನು ಕೇಳಲಿ?

ಈಗಲೂ ಒಂದು ಚಿತ್ರ ಮುಗಿದ ಮೇಲೆ ಮುಂದೇನು ಅಂತ ಹೊಳೆಯದೆ ಬಿಳಿ ಕ್ಯಾನ್ವಾಸಿನ ಮುಂದೆ ಕೂರುತ್ತೇನೆ. ಎಷ್ಟೋ ಸಲ ಇದ್ದಿಲು ಎತ್ತಿ ಹಿಡಿದು, ಗೆರೆ ಎಳೆಯದೆ, ಕಿವಿಯನ್ನು ಮೇಲಕ್ಕೇ ಇಟ್ಟು ಕಾಯುತ್ತಿರುತ್ತೇನೆ. ಹಾಗೆ ಕಾಯುತ್ತಿದ್ದೇನೆ ಅಂತ ನನಗೇ ಗೊತ್ತಾದ ಕೂಡಲೇ ಕೆಟ್ಟ ಸಿಟ್ಟು ಬರುತ್ತದೆ. ಅಟ್ಟ ಬಾಯಿ ಬಿಡುವ ಮುಂಚೆ ಏನಾದರೊಂದು ಗೆರೆ ಎಳೆದೇಬಿಡುತ್ತೇನೆ.