ಇಪ್ಪತ್ತೆರಡು ಕಿಲೋ ಶಾಫ್ಟ್ ಹೊತ್ತು ಮುದ್ದೇಬಿಹಾಳಕ್ಕೆ

ಬುಧವಾರ ಬೆಳಿಗ್ಗೆ ಆರೂವರೆಗೆ ಇಂಡಿಯಲ್ಲಿ ಸಿಂದಗಿ ಬಸ್ಸು ಹತ್ತಿದೆ. ಹೋಗಬೇಕಾಗಿದ್ದದ್ದು ಮುದ್ದೇಬಿಹಾಳಕ್ಕೆ. ಅಲ್ಲಿ ಒಬ್ಬ ಮಿಸ್ತ್ರಿಯ ಶೆಡ್ಡಿನಲ್ಲಿ ನಮ್ಮ ಅಪ್ಪನ ಕಾರು ಏಳು ತಿಂಗಳಿಂದ ನಿಂತಿತ್ತು. ಎಪ್ಪತ್ತು ವರ್ಷದ ವಿಲಾಯತಿ ಕಾರು. ಮದುವೆಯೊಂದಕ್ಕೆ ಹೋದಾಗ ಅದರ ಕ್ರ್ಯಾಂಕ್ ಶಾಫ್ಟ್ ಎರಡು ತುಂಡಾಗಿತ್ತು. ಪಿಸ್ಟನ್ನುಗಳ ಏರಿಳಿತವನ್ನು ಚಕ್ರದ ತಿರುಗಾಟವಾಗಿ ಮಾಡುವ, ಡೊಂಕುಡೊಂಕಾದ ಉಕ್ಕಿನ ದಂಡ ಅದು.

ಬಿಡಿಭಾಗದ ಅಂಗಡಿಯವರು ನಕ್ಕು ಕಳಿಸಿದ್ದರು. ನಮ್ಮಣ್ಣ ಸಂಗಣ್ಣ ಕಾರು ಕೊಳ್ಳಲು ಒಬ್ಬ ಹೋಟೆಲಿನವನನ್ನು ಹುಡುಕಿ ತಂದ. ಕಾರನ್ನು ಹೋಟೆಲಿನ ಮುಂದೆ ಕಟ್ಟೆಯ ಮೇಲೆ ನಿಲ್ಲಿಸಿದರೆ ಜನ ಫೋಟೋ ತೆಗೆಸಿಕೊಳ್ಳುತ್ತಾರೆ ಎಂಬುದು ಅವನ ಯೋಚನೆ. ಕಾರು ನಮ್ಮಿಬ್ಬರ ಹೆಸರಿನಲ್ಲಿದೆ. ಭಾನುವಾರದೊಳಗೆ ಅದು ಓಡಿಕೊಂಡು ಇಂಡಿಗೆ ಬರದಿದ್ದರೆ ಮಾರಾಟಕ್ಕೆ ಸಹಿ ಹಾಕುತ್ತೇನೆಂದು ನಾನೇ ಮಾತು ಕೊಟ್ಟಿದ್ದೆ. ಮೂವತ್ತು ವರ್ಷ ಅದೇ ಕಾರನ್ನು ಓಡಿಸಿಕೊಂಡು ಶಾಲೆಗೆ ಹೋಗಿ ಪಾಠ ಹೇಳಿದವಳು ನಾನು. ಅದು ಗೊಂಬೆಯಾಗಿ ನಿಲ್ಲುವುದನ್ನು ನೋಡುವ ಮನಸ್ಸಿರಲಿಲ್ಲ.

ತಾಂಬಾ ದಾಟುವವರೆಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಸಿಂದಗಿ ಮುಟ್ಟಿದಾಗ ಎಂಟೂಕಾಲು. ಖಾಜಾಸಾಬರ ಲೇಥ್ ಅಂಗಡಿ ನಿಲ್ದಾಣದಿಂದ ಐದು ನಿಮಿಷದ ದಾರಿ. ಎಪ್ಪತ್ತರ ಹತ್ತಿರದ ಮನುಷ್ಯ. ಸಕ್ಕರೆ ಕಾರ್ಖಾನೆಯ ಗುಜರಿಯಲ್ಲಿ ಸಿಕ್ಕ ದಪ್ಪ ಉಕ್ಕಿನ ದಂಡವೊಂದನ್ನು ತಂದು, ಮುರಿದ ತುಂಡುಗಳನ್ನು ಎದುರಿಗಿಟ್ಟುಕೊಂಡು, ನಾಲ್ಕು ತಿಂಗಳು ಕಡೆದು ಕಡೆದು ಹೊಸ ಶಾಫ್ಟ್ ಮಾಡಿದ್ದರು. ನಕ್ಷೆ ಇಲ್ಲ, ಕಂಪ್ಯೂಟರ್ ಇಲ್ಲ.

"ಅಳತಿ ಬರೂಬರಿ ಅದೇನ್ರಿ?" ಎಂದೆ.

"ಅಕ್ಕೋರ, ಬರೂಬರಿ ಇರಲಿಲ್ಲಂದ್ರ ನಿಮ್ಮನ್ನ ಕರಸ್ತಿದ್ದಿಲ್ಲ. ಗ್ರೈಂಡಿಂಗ್ ಹಿಡದು ನುಣುಪು ಮಾಡೂದೊಂದ ಉಳದೈತಿ. ಅದರ ಮಷೀನ್ ನನ್ನ ಕಡೆ ಇಲ್ಲ. ಬಾಗೇವಾಡ್ಯಾಗ ಐತಿ. ನಾನೂ ಬರ್ತೇನಿ."

ಶಾಫ್ಟಿಗೆ ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿದೆವು. ತೂಕ ಇಪ್ಪತ್ತೆರಡು ಕಿಲೋ. ಅವರ ಸೊಸೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ನನ್ನ ಗುರುತಿನ ಚೀಟಿ ನೋಡಿ ಕಂಡಕ್ಟರ್ ಉಚಿತ ಟಿಕೆಟ್ ಕೊಟ್ಟ. ಶಾಫ್ಟಿಗೆ ಮಾತ್ರ ಮೂವತ್ತೈದು ರೂಪಾಯಿ ಲಗೇಜು ಕಟ್ಟಬೇಕಾಯಿತು.

ಬಸವನ ಬಾಗೇವಾಡಿಯ ಗ್ರೈಂಡಿಂಗ್ ಅಂಗಡಿಯ ಮಾಲೀಕ ಚೀಲ ಬಿಚ್ಚಿ ನೋಡಿದವನೇ ಕೈ ಒರೆಸಿಕೊಂಡ.

"ಇದು ಕಂಪನಿ ಮಾಲಲ್ರಿ. ನಾ ಮುಟ್ಟಂಗಿಲ್ಲ. ನಾಳೆ ಮುರದ್ರ ನನ್ನ ಹೆಸರು ಕೆಡತೈತಿ."

"ಕಂಪನಿ ಬಾಗಲಾ ಹಾಕಿ ಐವತ್ತು ವರ್ಷಾತು," ಎಂದೆ. "ಮಾಲು ಎಲ್ಲಿಂದ ತರಲಿ?"

"ಹಂಗಂದ್ರ ಕಾರು ಗುಜರಿ ಮೋಡಕಾಕ್ಕ ಹಾಕ್ರಿ. ಅದರ ಕಾಲ ಮುಗೀತು."

ನನಗೆ ಮೈ ಉರಿಯಿತು. ಒಂದು ಹಾಳೆ ಕೊಡಿ, ಮುರಿದರೆ ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದೆ. ಖಾಜಾಸಾಬರು ಎದ್ದು, ಶಾಫ್ಟಿಗೆ ಹಗ್ಗ ಕಟ್ಟಿ ಛಾವಣಿಯ ಕೊಂಡಿಗೆ ತೂಗುಹಾಕಿದರು. ಸಣ್ಣ ಸುತ್ತಿಗೆಯಿಂದ ಒಂದೇ ಪೆಟ್ಟು. ಗಂಟೆಯಂಥ ದನಿ ಎದ್ದು ತುಂಬ ಹೊತ್ತು ನಿಂತಿತು. ಒಳಗೆ ಕೂದಲಿನಷ್ಟು ಬಿರುಕಿದ್ದರೂ ಆ ದನಿ ಒಡೆಯುತ್ತದಂತೆ.

ಆಮೇಲೆ ಅವರು ತಮ್ಮ ಚೀಲದಿಂದ ಅಕ್ಷರದ ಅಚ್ಚುಗಳನ್ನು ತೆಗೆದರು. ಶಾಫ್ಟಿನ ದಪ್ಪ ತುದಿಯ ಮೇಲೆ ಒಂದೊಂದೇ ಅಕ್ಷರ ಇಟ್ಟು ಬಡಿದು ತಮ್ಮ ಹೆಸರು ಕೂರಿಸಿದರು.

"ಅಕ್ಕೋರ ಯಾಕ ಬರದಕೊಡಬೇಕು? ಮಾಡಿದಾಂವ ನಾನು. ಮುರದ್ರ ಈ ಹೆಸರು ಓದಿ ಸಿಂದಗಿಗೆ ಬರ್ರಿ."

ಮಾಲೀಕ ಆ ಅಕ್ಷರಗಳ ಮೇಲೆ ಬೆರಳಾಡಿಸಿದ. ಶಾಫ್ಟನ್ನು ಯಂತ್ರಕ್ಕೇರಿಸಿ ಗುಂಡಿ ಒತ್ತಿದ. ಕೆಲಸ ಮುಗಿದಾಗ ಸಂಜೆ ಐದು. ಹೂವಿನ ಹಿಪ್ಪರಗಿಯಲ್ಲಿ ಚಹಾ ಕುಡಿದು, ದೀಪ ಹಚ್ಚುವ ಹೊತ್ತಿಗೆ ಮುದ್ದೇಬಿಹಾಳ ಸೇರಿದೆವು. ನಾನು ಸೋದರತ್ತೆಯ ಮನೆಯಲ್ಲಿ ಉಳಿದೆ, ಖಾಜಾಸಾಬರು ತಮ್ಮ ಬೀಗರಲ್ಲಿ.

ಗುರುವಾರದಿಂದ ಶನಿವಾರದವರೆಗೆ ಎಂಜಿನ್ ಜೋಡಿಸುವ ಕೆಲಸ. ಶೆಡ್ಡಿನ ತಗಡು ಕಾದು ಒಳಗೆ ಒಲೆಯಂತಾಗುತ್ತಿತ್ತು. ಶುಕ್ರವಾರ ನಮಾಜಿಗೆ ಹೋಗಿಬಂದ ಹೊತ್ತೊಂದನ್ನು ಬಿಟ್ಟರೆ ಖಾಜಾಸಾಬರು ಮಿಸ್ತ್ರಿಯ ಪಕ್ಕದಿಂದ ಕದಲಲಿಲ್ಲ. ನಾನು ನಟ್ಟು ತೊಳೆದುಕೊಟ್ಟೆ, ಚಹಾ ತಂದುಕೊಟ್ಟೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೀಲಿ ತಿರುಗಿಸಿದೆ. ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದೆ, ಮತ್ತೆ ಹಾಗೇ. ಅಷ್ಟರಲ್ಲಿ ಅಣ್ಣನ ಫೋನು ಬಂತು.

"ಏನಾತು ತಂಗಿ? ನಾಳೆ ಲಾರಿ ಕಳಸಂತ ಹೋಟೆಲಿನವಗ ಹೇಳ್ಲೇನು?"

"ಇವತ್ತಿನ ದಿನಾ ಇನ್ನೂ ಮುಗದಿಲ್ಲ," ಎಂದು ಫೋನಿಟ್ಟೆ. ಮಿಸ್ತ್ರಿ ಪೆಟ್ರೋಲಿನ ಕೊಳವೆ ಬಿಚ್ಚಿ ಊದಿದ, ಕಸ ಸಿಕ್ಕಿಕೊಂಡಿತ್ತು. ಆರನೆಯ ಸಲ ಎಂಜಿನ್ ಚಾಲೂ ಆಯಿತು. ಖಾಜಾಸಾಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗಾನಿಸಿ ಕಣ್ಣು ಮುಚ್ಚಿದರು. ಒಳಗಿನ ದನಿ ಆಲಿಸಿ, "ಸುದ್ದ ಐತಿ, ನಡೀರಿ," ಎಂದರು.

ಹೊಸ ಶಾಫ್ಟ್ ಪಳಗುವವರೆಗೆ ನಲವತ್ತರ ಮೇಲೆ ಓಡಿಸುವಂತಿರಲಿಲ್ಲ. ಲಾರಿ, ಬಸ್ಸು, ಬೈಕುಗಳೆಲ್ಲ ನಮ್ಮನ್ನು ದಾಟಿ ಹೋದವು. ನಾನು ಯಾರಿಗೂ ಹೆದರಿ ಡಾಂಬರು ಬಿಟ್ಟು ಕೆಳಗಿಳಿಸಲಿಲ್ಲ. ಸಿಂದಗಿಯಲ್ಲಿ ಇಳಿದ ಖಾಜಾಸಾಬರು, "ಸಾವಿರ ಕಿಲೋಮೀಟರ್ ಆದ ಮ್ಯಾಲೆ ಎಣ್ಣಿ ಬದ್ಲಿ ಮಾಡಸ್ರಿ," ಎಂದಷ್ಟೇ ಹೇಳಿ, ಹಿಂದಿರುಗಿ ನೋಡದೆ ಅಂಗಡಿಯ ಕಡೆ ನಡೆದರು.

ಇಂಡಿ ಮುಟ್ಟಿದಾಗ ನಾಲ್ಕು ಗಂಟೆ. ಮನೆಯ ಮುಂದೆ ಅಣ್ಣನೂ ಹೋಟೆಲಿನವನೂ ನಿಂತಿದ್ದರು. ನಾನು ಎಂಜಿನ್ ಬಂದ್ ಮಾಡಲಿಲ್ಲ. ಎಡಗಡೆಯ ಬಾಗಿಲು ತೆರೆದು, "ಹತ್ತು ಅಣ್ಣಾ," ಎಂದೆ.

ಅವನು ಹೋಟೆಲಿನವನ ಮುಖ ನೋಡಿದ, ಕಾರು ನೋಡಿದ, ಒಳಗೆ ಬಂದು ಕೂತ. ಊರು ದಾಟಿದೆವು. ರೈಲ್ವೆ ಸ್ಟೇಷನ್ ರಸ್ತೆಯ ಏರು ಬಂದಾಗ, "ಗೇರ್ ಇಳಸು," ಎಂದ.

"ನನಗ ಹೇಳಬ್ಯಾಡ," ಎಂದೆ. ಅದೇ ಗೇರಿನಲ್ಲೇ ಏರು ಹತ್ತಿಸಿದೆ.