ಎಡಗಡೆಯ ಕೆಂಪು

ಬೀದಿಯವರ ಬಾಯಲ್ಲಿ ಅವಳು ‘ಫೋಟೋ ಅಕ್ಕ’. ಹರಿದ, ಮಾಸಿದ, ಗೆದ್ದಲು ತಿಂದ ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಮೂಗು ಹೋದವರಿಗೆ ಮೂಗು, ಕಿವಿ ಹೋದವರಿಗೆ ಕಿವಿ ಕೂರಿಸಿ, ಸತ್ತವರಿಗೂ ಜೀವಕಳೆ ತರುವುದು ಅವಳ ಕಸುಬು. ಬಣ್ಣದ ವಿಷಯದಲ್ಲಿ ಅವಳದು ಹದ್ದಿನ ಕಣ್ಣು ಎಂದು ಹೆಸರು.

ಅಂಥವಳು ಹೊಸ ಮಾನಿಟರ್ ತಂದ ವಾರದಲ್ಲೇ ಮರ್ಯಾದೆ ಕಳೆದುಕೊಂಡಳು. ದರ್ಜಿಯೊಬ್ಬ ತನ್ನ ತಾಯಿಯ ಫೋಟೋ ಕೊಟ್ಟಿದ್ದ. ಪರದೆಯ ಎಡಕ್ಕಿದ್ದ ಕೆನ್ನೆ ತುಸು ಕೆಂಪಾಗಿ ಕಂಡಿತು. ಇವಳು ಕೆಂಪು ಇಳಿಸಿದಳು. ಇನ್ನೂ ಕಂಡಿತು, ಇನ್ನೂ ಇಳಿಸಿದಳು. ಕೆಂಪು ಇಳಿದಷ್ಟೂ ಆ ಕೆನ್ನೆ ಹಸಿರಿಗೆ ತಿರುಗಿತ್ತು; ಪ್ರಿಂಟ್ ನೋಡಿದ ದರ್ಜಿ ಹೌಹಾರಿದ.

“ಅಕ್ಕಾ, ನಮ್ಮಮ್ಮನ ಒಂದು ಕೆನ್ನೆಗೆ ಪಾಚಿ ಕಟ್ಟಿದೆಯಲ್ಲಾ!”

ಅವನು ಹೋದ ಮೇಲೆ ಪರದೆ ತುಂಬ ಬರೀ ಬೂದು ಬಣ್ಣ ಹಾಕಿ ನೋಡಿದಳು. ಎಡ ಅಂಚಿನಲ್ಲಿ ತೆಳ್ಳಗೆ ಕೆಂಪು. ಗಂಡನನ್ನು ಕರೆದಳು. ಬಸ್ ಓಡಿಸಿ ನಿವೃತ್ತನಾದ ಆತನಿಗೆ ಏನೂ ಕಾಣಲಿಲ್ಲ.

“ಅನುಮಾನ ಇದ್ರೆ ಬದಲಾಯಿಸ್ಕೊಂಡು ಬಾ. ಅಂಗಡಿಯವರು ವಾಪಸ್ ತಗೊಳ್ಳೋಕೆ ನಾಳೆಯೇ ಕೊನೇ ದಿನ.”

“ಇರಲಿ ಬಿಡ್ರೀ. ಸಣ್ಣ ದೋಷ, ಹೊಂದಿಕೊಂಡು ಹೋದ್ರಾಯ್ತು.”

ಗಂಡ ಬೆಕ್ಕಸಬೆರಗಾದ. ಒಂದೇ ಒಂದು ಹುಳುಕು ಬದನೆಕಾಯಿಗೂ ಮಾರುಕಟ್ಟೆಗೆ ಮರಳಿ ಹೋಗಿ ಜಗಳ ಕಾಯುವ ಹೆಂಗಸು ಇವಳು!

ನಿಜ ಹೇಳಬೇಕೆಂದರೆ ಅವಳು ಹೆದರಿದ್ದಳು. ಬದಲಿಗೆ ತಂದದ್ದರಲ್ಲೂ ಎಡಕ್ಕೆ ಕೆಂಪು ಕಂಡರೆ? ಆಗ ತಪ್ಪು ಮಾನಿಟರಿನದಲ್ಲ, ಕಣ್ಣಿನದು. ಕಣ್ಣೇ ಕೈಕೊಟ್ಟರೆ ಕಸುಬಿಗೆ ತಿಲಾಂಜಲಿ. ಅದಕ್ಕಿಂತ ಗೊತ್ತಾಗದೆ ಇರುವುದೇ ವಾಸಿ ಅನ್ನಿಸಿತ್ತು. ಊಟಕ್ಕೆ ಕೂತಾಗ ಅದನ್ನೇ ಗಂಡನಿಗೆ ಹೇಳಿಬಿಟ್ಟಳು.

ಆತ ನಗಲಿಲ್ಲ. “ಕಲೆ ಗಾಜಿನ ಮೇಲಿದ್ಯೋ ಕಣ್ಣಲ್ಲಿದ್ಯೋ ಅಂತ ನಮ್ಮ ಡ್ರೈವರ್‌ಗಳಿಗೆ ದಿನಾ ಅನುಮಾನ ಕಣೇ. ತಲೆ ಆ ಕಡೆ ಈ ಕಡೆ ಮಾಡ್ತೀವಿ. ಕಲೆ ಜೊತೇಲೇ ಬಂದ್ರೆ ಕಣ್ಣಿಂದು, ಅಲ್ಲೇ ನಿಂತ್ರೆ ಗಾಜಿಂದು. ಏಳು, ನಿನ್ನ ಗಾಜನ್ನೇ ತಿರುಗಿಸಿಬಿಡೋಣ. ಕೆಂಪು ಎಡಕ್ಕೇ ಉಳಿದ್ರೆ ಕಣ್ಣಿಂದು, ಬಲಕ್ಕೆ ಹೋದ್ರೆ ಗಾಜಿಂದು.”

ಕೈ ತೊಳೆದು ಬಂದವನೇ ಮಾನಿಟರನ್ನು ವೈರು ಸಮೇತ ಎತ್ತಿ, ತಲೆಕೆಳಗು ಮಾಡಿ, ಹೊಟ್ಟೆಗೆ ಆನಿಸಿ ಹಿಡಿದ. ಅವಳು ಕಣ್ಣು ಮುಚ್ಚಿ ನಿಂತಿದ್ದಳು.

“ಬೇಗ ನೋಡೇ, ಕೈ ಸೋಲ್ತಿದೆ!”

ಕಣ್ಣು ಬಿಟ್ಟಳು. ಎಡ ಅಂಚು ಅಪ್ಪಟ ಬೂದು. ಕೆಂಪು ಬಲಗಡೆಗೆ ಹೋಗಿ ಕೂತಿತ್ತು.

“ಬಲಕ್ಕೆ ಬಂತು ರೀ! ಕೆಟ್ಟಿದೆ, ದೇವರಾಣೆಗೂ ಇದು ಕೆಟ್ಟಿದೆ!” ಎಂದು ಚಪ್ಪಾಳೆ ತಟ್ಟಿ ಕುಣಿದಳು. ದುಡ್ಡು ಕೊಟ್ಟು ತಂದ ಮಾಲು ಕೆಟ್ಟಿದ್ದಕ್ಕೆ ಇಷ್ಟು ಸಂಭ್ರಮಪಟ್ಟ ಗಿರಾಕಿ ಲೋಕದಲ್ಲಿ ಇನ್ನೊಬ್ಬರು ಇರಲಾರರು. ಗಂಡನೂ ನಕ್ಕ. ಕೈಯಲ್ಲಿದ್ದದ್ದು ಬೀಳದೆ ಉಳಿದದ್ದೇ ಹೆಚ್ಚು.

ಮರುದಿನ ಬಾಗಿಲು ತೆರೆಯುವ ಮೊದಲೇ ಅಂಗಡಿಯ ಮುಂದೆ ಇಬ್ಬರೂ ಹಾಜರು. ಅಂಗಡಿಯವನು ಮಾನಿಟರ್ ಹಚ್ಚಿ, ಬಗ್ಗಿ, ಕಣ್ಣು ಕಿರಿದು ಮಾಡಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ.

“ನನಗಂತೂ ಏನೂ ಕಾಣ್ತಿಲ್ಲಮ್ಮಾ.”

ಹಿಂದಿನ ದಿನವಾಗಿದ್ದರೆ ಆ ಮಾತಿಗೆ ಕುಸಿದುಹೋಗುತ್ತಿದ್ದಳು. ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

“ನಿನಗೆ ಕಾಣಲ್ಲಪ್ಪ, ನನಗೆ ಕಾಣುತ್ತೆ. ಬದಲಾಯಿಸು.”