ಗೌಡಗೆರೆ ಲೈನಿನಲ್ಲಿ ಉಸಿರು

ಹೊಸ ಬೋರ್ಡು ಬಂದಿದ್ದರಿಂದ ಸಿರಾ ಟೆಲಿಫೋನ್ ಕಚೇರಿಯ ಹಳೆ ಬೋರ್ಡಿನ ಹಿಂದೆ ಕೂತು ಒಂದೊಂದೇ ಲೈನು ಬಿಚ್ಚುತ್ತಿದ್ದೆ. ಬಿಚ್ಚುವ ಮುನ್ನ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳಿ ನೋಡಬೇಕು ಎಂಬುದು ನಿಯಮ.

"ಗೌಡಗೆರೆ ಲೈನು ಆಗ್ಲಿಂದ ಸುಮ್ನಿದೆ, ಮಾತು ಮುಗಿಸಿರ್ಬೇಕು, ಬಿಚ್ಚಿ ಸಾರ್," ಎಂದರು ಮುಂದೆ ಕೂತಿದ್ದ ಆಪರೇಟರ್ ಷಕೀಲಾ.

ನಾನೂ ಹೆಡ್‌ಫೋನಿನಲ್ಲಿ ಆಲಿಸಿದೆ. "ಯಾರಾದ್ರೂ ಇದ್ದೀರಾ?" ಎಂದೆ. ಉತ್ತರವಿಲ್ಲ. ಕಟ್ಟರನ್ನು ತಂತಿಗೆ ತಾಗಿಸಿದೆ. ಆಗ ನನ್ನ ಕಿವಿಯೊಳಗೇ ಯಾರೋ ಮೆಲ್ಲಗೆ ಉಸಿರು ಬಿಟ್ಟರು. ಕಟ್ಟರನ್ನು ಹಿಂದಕ್ಕೆ ತೆಗೆದೆ.

"ಯಾರು?"

"ಮಾತಾಡ್ಬ್ಯಾಡ ಕಣಪ್ಪ," ಎಂದು ಅಜ್ಜಿಯೊಬ್ಬಳ ದನಿ ಪಿಸುಗುಟ್ಟಿತು. "ತುಮಕೂರು ಆಸ್ಪತ್ರೇಲಿ ಮಗಳಿಗೆ ಹೆರಿಗೆ. ನರ್ಸಮ್ಮ ಫೋನು ಮೇಜಿನ ಮ್ಯಾಲೆ ಮಡಗಿ ನೋಡ್ಕಂಬರಕ್ಕೆ ಒಳಕ್ಕೋಗವ್ಳೆ. ಅಲ್ಲಿ ಯಾರೋ ನರಳ್ತಾವ್ರೆ, ನಂಗೆ ಕೇಳಿಸ್ತೈತೆ."

ಉಸಿರು ಹಿಡಿದು ಕಿವಿಗೊಟ್ಟೆ. ಎಲ್ಲೋ ಆಳದಿಂದ ನರಳಾಟ ಬಂತು, ನಿಂತಿತು. ಆಮೇಲೆ ಏನೂ ಇಲ್ಲ. ನನ್ನಿಂದ ವಿಷಯ ತಿಳಿದ ಷಕೀಲಾ ಬೇರೆ ಕರೆ ನುಗ್ಗದಂತೆ ಆ ಲೈನನ್ನು ಕಾದು ಕೂತರು. ತಂತಿಯಲ್ಲಿ ಅಜ್ಜಿಯ ಉಸಿರಷ್ಟೇ ಉಳಿಯಿತು.

ಕೊನೆಗೆ ಚಪ್ಪಲಿಯ ಸದ್ದಾಯಿತು. "ಅಜ್ಜಿ, ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ," ಎಂದರು ನರ್ಸು. ಅಜ್ಜಿ ಅಳುತ್ತಲೇ ಫೋನಿಟ್ಟಳು. ಆಮೇಲಷ್ಟೇ ತಂತಿ ಕತ್ತರಿಸಿದೆ.

ಕೆಲವು ವರ್ಷಗಳ ನಂತರ ಕಂಪ್ಯೂಟರ್ ತರಬೇತಿಗೆ ಹೋದೆ. ಯಾವುದೇ ಸಾಧನವನ್ನು ಕಳಚುವ ಮುನ್ನ ಕಂಪ್ಯೂಟರನ್ನು ಒಳಗಿಂದ ನಡೆಸುವ ಮೂಲ ತಂತ್ರಾಂಶವಾದ ಕರ್ನೆಲ್ ಹೊಸ ಬಳಕೆದಾರರನ್ನು ತಡೆದು, ಬಳಸುತ್ತಿರುವವರು ಬಿಡುವ ತನಕ ಕಾಯಬೇಕು ಎಂದು ಮೇಷ್ಟರು ವಿವರಿಸಿದರು. "ಬಳಸುತ್ತಿರುವವರು ಸುಮ್ಮನೇ ಇದ್ದರೆ?" ಎಂದು ಕೇಳಿದೆ. ಒಳ್ಳೆಯ ಪ್ರಶ್ನೆ ಎಂದು ಹೊಗಳಿ, ಎಲ್ಲರನ್ನೂ ಟೀಗೆ ಬಿಟ್ಟರು.